ಕಂಪನಿ ಸೈಜ್ ಅಲ್ಲದ ಟಯರಿಗೆ ಗಾಳಿ ಎಷ್ಟು?

ಪಿಕಪ್‌ಗೆ ಕಂಪನಿ ಟಯರ್ ತೆಗೆದು 235/75 ಆರ್15 ಎಲ್‌ಟಿ (ಲೈಟ್ ಟ್ರಕ್, ಅಂದ್ರೆ ಲೋಡ್ ಗಾಡಿಯ ಟಯರ್) ಹಾಕಿಸಿದ್ದೀರಿ, ಈಗ ಎಷ್ಟು ಗಾಳಿ ಅಂತ ಕೇಳಿದ್ದೀರಿ. ನಾನೂ ಅದೇ ಸೈಜ್ ಹಾಕಿಸಿದವನು, ಶಿರಸಿಯಲ್ಲಿ.

ಬಾಗಿಲ ಹತ್ತಿರದ ಸ್ಟಿಕ್ಕರ್ ನೋಡ್ಬೇಡಿ, ಅದು ಹಳೆ ಟಯರಿನ ಲೆಕ್ಕ. ಟಯರಿನ ಮೈಮೇಲೆ 50 ಪಿಎಸ್‌ಐ ಅಂತ ಇರುತ್ತಲ್ಲ, ಅದೂ ಅಲ್ಲ. ಅದು ಒಂದು ಟಯರ್ ಹೊರಬಲ್ಲ ಗರಿಷ್ಠ ಭಾರ, ಅಂದ್ರೆ ಪೂರ್ತಿ 900 ಕೆಜಿ, ಅದರ ಮೇಲೆ ಬಿದ್ದಾಗಿನ ಗಾಳಿ. ಅಂಗಡಿಯವರು ಸುಮ್ನೆ 50 ಹೊಡೆದು ಕಳಿಸಿದ್ರು. ಖಾಲಿ ಗಾಡಿ, ಮಳೆ, ಕುಮಟಾ ರಸ್ತೆಯ ದೇವಿಮನೆ ಘಾಟಿ ಇಳೀತಾ ಇದ್ದೆ, ತಿರುವಿನಲ್ಲಿ ಹಿಂದಿನ ಭಾಗ ಪುಟಿದು ಪಕ್ಕಕ್ಕೆ ಸರಿಯಿತು ಮಾರಾಯ್ರೆ. ನಾಲ್ಕು ತಿಂಗಳಲ್ಲಿ ಹಿಂದಿನ ಟಯರು ನಡುವೆ ಮಾತ್ರ ಸವೆದಿತ್ತು.

ತೂಕ ಗೊತ್ತಾಗದೆ ಗಾಳಿ ಗೊತ್ತಾಗಲ್ಲ. ನೀವು ದಿನಾ ಹಾಕುವಷ್ಟೇ ಲೋಡ್ ಹಾಕ್ಕೊಂಡು ವೇ ಬ್ರಿಡ್ಜ್‌ಗೆ ಹೋಗಿ, ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಕ ತಗೊಳ್ಳಿ, ಆಮೇಲೆ ಪೂರ್ತಿ ಗಾಡಿ. ಕಳೆದ್ರೆ ಹಿಂದಿನದು ಸಿಕ್ಕಿತು. ಅಡಿಕೆ ಚೀಲ ತುಂಬಿದಾಗ ನನ್ನದು ಮುಂದೆ 1000, ಹಿಂದೆ 1500 ಕೆಜಿ ಬಂತು. ಅಂದ್ರೆ ಹಿಂದೆ ಒಂದು ಟಯರಿಗೆ 750. ಅದನ್ನು 900ರಿಂದ ಭಾಗಿಸಿ 50ರಿಂದ ಗುಣಿಸಿದ್ರೆ ಸುಮಾರು 42. ನಾನು 44 ಇಡ್ತೇನೆ, ಎರಡೂ ಕಡೆ ತೂಕ ಸಮ ಇರಲ್ಲ ಅಲ್ವಾ. ಮುಂದೆ ಲೆಕ್ಕಕ್ಕೆ 28 ಬರುತ್ತದೆ, ಆದ್ರೆ ಎಲ್‌ಟಿ ಟಯರಿಗೆ ಅಷ್ಟು ಕಡಿಮೆ ಬೇಡ ಅಂತ 34 ಇಟ್ಟಿದ್ದೇನೆ. ಖಾಲಿ ಓಡಿಸೋ ದಿನ ಹಿಂದೆಯೂ ಅಷ್ಟೇ.

ಆಮೇಲೆ ಟಯರಿನ ಅಗಲಕ್ಕೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದು, ಒಣ ಟಾರ್ ರಸ್ತೆಯಲ್ಲಿ ಐವತ್ತು ಮೀಟರ್ ನೇರ ಓಡಿಸಿ ನೋಡಿ. ನಡುವೆ ಮಾತ್ರ ಅಳಿಸಿದ್ರೆ ಗಾಳಿ ಜಾಸ್ತಿ, ಎರಡು ಅಂಚು ಮಾತ್ರ ಅಳಿಸಿದ್ರೆ ಕಡಿಮೆ. ಹಾಗಂತ ತೂಕದ ಲೆಕ್ಕಕ್ಕಿಂತ ಕೆಳಗೆ ಇಳಿಸಬೇಡಿ.

ಗಾಳಿ ನೋಡೋದು ಬೆಳಿಗ್ಗೆ, ಗಾಡಿ ತೆಗೆಯೋ ಮೊದಲು. ಘಾಟಿ ಇಳಿದು ಕುಮಟಾ ಸೇರುವಾಗ ನಾಲ್ಕೈದು ಪಿಎಸ್‌ಐ ಏರಿರುತ್ತದೆ, ಅದು ಬಿಸಿಗೆ. ಆಗ ಗಾಳಿ ಹೊರಗೆ ಬಿಡಬೇಡಿ, ಬಿಟ್ರೆ ತಣ್ಣಗಾದ ಮೇಲೆ ಕಡಿಮೆಯಾಗಿಬಿಡುತ್ತದೆ. ಒಂದು ಗೇಜ್ ನಿಮ್ಮದೇ ಇಟ್ಕೊಳ್ಳಿ, ಇಲ್ಲಿ ಎರಡು ಅಂಗಡಿ ಗೇಜಿಗೇ ಐದು ಪಿಎಸ್‌ಐ ವ್ಯತ್ಯಾಸ ನೋಡಿದ್ದೇನೆ.

ಸ್ಟೆಪ್ನಿ ಇನ್ನೂ ಹಳೆ ಸೈಜಿಂದೇ ಇದ್ರೆ, ಅದಕ್ಕೆ ಮಾತ್ರ ಬಾಗಿಲ ಸ್ಟಿಕ್ಕರಿನ ಲೆಕ್ಕ.