ಬಸ್ಸಿನಲ್ಲಿ ಶಿರವಸ್ತ್ರ ಎಳೆದವರ ಮೇಲೆ ದೂರು ಕೊಡಲೇ, ಅಥವಾ ಕೆಲವು ದಿನ ಶಿರವಸ್ತ್ರವಿಲ್ಲದೆ ಓಡಾಡಲೇ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ 2017ರ ಒಂದು ಸಂಜೆ ಕಣ್ಣೆದುರು ಬಂತು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಉಡುಪಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಸುರತ್ಕಲ್ ದಾಟಿದ ಮೇಲೆ, ಹಿಂದಿನ ಸೀಟಿನ ಹುಡುಗರು ನನ್ನ ಶಿರವಸ್ತ್ರವನ್ನು ಎಳೆದರು. ಪಿನ್ನು ಕಿತ್ತುಬಂದು ಕಿವಿಯ ಹಿಂದೆ ಗೀರಿತು. ನಿರ್ವಾಹಕ ಮುಂದಿನ ಬಾಗಿಲಿಗೆ ಹೋಗಿ ನಿಂತುಬಿಟ್ಟ.

ಮರುದಿನ ಉಮ್ಮನೊಂದಿಗೆ ಠಾಣೆಗೆ ಹೋದೆ. ನಾನು ತಪ್ಪಿದ್ದು ಅಲ್ಲಿ. ನಡೆದದ್ದನ್ನು ಬರೆದುಕೊಂಡು ಹೋಗದೆ ಬಾಯಲ್ಲಿ ಹೇಳಿದೆ. ಹುಡುಗರನ್ನು ಕರೆಸಿದರು, ಅವರು ಕ್ಷಮೆ ಕೇಳಿದರು, "ಅವರ ಭವಿಷ್ಯ ಹಾಳಾಗುವುದು ಬೇಡಮ್ಮ" ಎಂದು ಅಧಿಕಾರಿ ಒಂದು ಹಾಳೆಯನ್ನು ಮುಂದಿಟ್ಟರು. ಮಾತಿನ ಚಕಮಕಿ ನಡೆದಿತ್ತೆಂದೂ ಮುಂದಿನ ಕ್ರಮ ಬೇಡವೆಂದೂ ಅದರಲ್ಲಿತ್ತು. ಮೈಮೇಲೆ ಕೈಹಾಕಿದ ವಿಷಯವೇ ಇರಲಿಲ್ಲ. ಅದನ್ನು ಗಮನಿಸಿಯೂ, ಬೇಗ ಮನೆಗೆ ಹೋದರೆ ಸಾಕೆಂದು ಸಹಿ ಹಾಕಿದೆ. ಪ್ರತಿಯನ್ನೂ ಕೇಳಲಿಲ್ಲ. ಉಮ್ಮನ ಒತ್ತಾಯಕ್ಕೆ ಎರಡು ವಾರ ಬರಿದಲೆಯಲ್ಲೇ ಓಡಾಡಿದೆ. ಅದೇ ಹುಡುಗರು ನನ್ನ ಹೆಸರು ಹಿಡಿದು ಕೂಗಿ, ತೋಳು ಹಿಡಿದು ಸೀಟಿನಿಂದ ಎಬ್ಬಿಸಿದರು. ಮತ್ತೆ ಠಾಣೆಗೆ ಹೋದಾಗ ಆ ಹಾಳೆಯನ್ನೇ ತೋರಿಸಿ, "ಕ್ರಮ ಬೇಡವೆಂದು ನೀವೇ ಬರೆದುಕೊಟ್ಟಿದ್ದೀರಲ್ಲ" ಎಂದರು.

ಆದ್ದರಿಂದ, ತಂಗೀ, ನಿಮ್ಮ ಪ್ರಶ್ನೆಯ ಎರಡನೆಯ ಅರ್ಧವನ್ನು ನಾನು ಒಪ್ಪುವುದಿಲ್ಲ. ಅವರ ಸಿಟ್ಟು ಬಟ್ಟೆಯ ಮೇಲಲ್ಲ, ಅದನ್ನು ತೊಟ್ಟವಳ ಮೇಲೆ. ಶಿರವಸ್ತ್ರದ ವಿವಾದದಲ್ಲಿ ಬಂದ 2022ರ ಫೆಬ್ರವರಿ 5ರ ಕರ್ನಾಟಕ ಸರ್ಕಾರದ ಆದೇಶವೂ ಮಾರ್ಚ್ 15ರ ಹೈಕೋರ್ಟ್ ತೀರ್ಪೂ ತರಗತಿಯ ಸಮವಸ್ತ್ರಕ್ಕೆ ಸಂಬಂಧಿಸಿದವು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಂತೂ ಅದೇ ವರ್ಷದ ಅಕ್ಟೋಬರ್ 13ರಂದು ಪರಸ್ಪರ ಭಿನ್ನ ತೀರ್ಪು ನೀಡಿದರು. ಬಸ್ಸಿನಲ್ಲಿ ನಿಮ್ಮ ತಲೆಗೆ ಕೈಹಾಕುವ ಅಧಿಕಾರವನ್ನು ಇವು ಯಾವುವೂ ಯಾರಿಗೂ ಕೊಟ್ಟಿಲ್ಲ.

ದೂರನ್ನು ನೀವೇ ಬರೆಯಿರಿ. ಎಳೆದದ್ದನ್ನು ಎಳೆದರು ಎಂದೇ ಬರೆಯಿರಿ. ಮಹಿಳೆಯ ಮಾನಕ್ಕೆ ಕುಂದು ತರುವ ಉದ್ದೇಶದ ಹಲ್ಲೆಗೆ ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಂನಡಿ 1ರಿಂದ 5 ವರ್ಷ ಜೈಲುಶಿಕ್ಷೆಯಿದೆ. ಇಂತಹ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಘಟನೆ ತಮ್ಮ ವ್ಯಾಪ್ತಿಯಲ್ಲಿ ನಡೆದಿಲ್ಲವೆಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಎಫ್‌ಐಆರ್ ದಾಖಲಿಸಲು ನಿರಾಕರಿಸಿದರೆ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ರಾಜಿಯ ಮಾತು ಬಂದರೆ ಆ ವಕೀಲರನ್ನು ಕೇಳದೆ ಸಹಿ ಹಾಕಬೇಡಿ.

ಬಸ್ಸಿನ ಹೆಸರು, ಹತ್ತಿದ ಹೊತ್ತು, ಯಾರು ಎಲ್ಲಿ ಕುಳಿತಿದ್ದರೆಂಬುದನ್ನು ಇಂದು ರಾತ್ರಿಯೇ ಬರೆದಿಡಿ. ಟಿಕೆಟ್ ಚೀಲದಲ್ಲೇ ಇರಬಹುದು, ಹುಡುಕಿ ನೋಡಿ.