ಕಲಬುರಗಿಯಲ್ಲಿ ಆರ್‌ಸಿಸಿ ಮನೆ ರಾತ್ರಿಯೂ ಕಾಯ್ದಿರುತ್ತದೆ. ಫಾಲ್ಸ್ ಸೀಲಿಂಗ್ ಹಾಕಿಸಲೇ, ದೊಡ್ಡ ಎಸಿ ತರಲೇ?

ಎರಡೂ ಬೇಡ. ನೀವು ಬರೆದ ಪ್ರಕಾರ ಮಾಳಿಗೆ 1000 ಚದರಡಿ, ಮೇಲೆ ಮಹಡಿ ಇಲ್ಲ, ಪಶ್ಚಿಮಕ್ಕೆ ದೊಡ್ಡ ಕಿಟಕಿ, ಮಲಗುವ ಕೋಣೆಗೆ ಎಸಿ, ಹಾಲ್‌ಗೆ ಕೂಲರ್. ಹಾಗಿದ್ದರೆ ದುಡ್ಡು ಹಾಕಬೇಕಾದದ್ದು ಸ್ಲ್ಯಾಬಿನ ಮೇಲ್ಗಡೆ, ಕೆಳಗಡೆ ಅಲ್ಲ.

ಮೇ ಎರಡನೇ ವಾರದ ಹೊತ್ತಿಗೆ ನಿಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ದಕ್ಷಿಣದ ಗೋಡೆಗೆ ಆಗ ಬಿಸಿಲು ತಾಗುವುದೇ ಇಲ್ಲ ಎನ್ನಬಹುದು, ಏಟೆಲ್ಲ ಮಾಳಿಗೆಗೆ. ಬೋಳು ಕಾಂಕ್ರೀಟಿನ ಮೇಲ್ಮೈ 60 ಡಿಗ್ರಿ ದಾಟುವುದುಂಟು. ಆ ಕಾವು ಐದಿಂಚಿನ ಸ್ಲ್ಯಾಬ್ ಹಾದು ಕೆಳಗಿಳಿಯಲು ಕೆಲವು ತಾಸು ಹಿಡಿಯುವುದರಿಂದಲೇ ರಾತ್ರಿ ಊಟದ ಹೊತ್ತಿಗೂ ಸೀಲಿಂಗ್ ಸುಡುತ್ತಿರುತ್ತದೆ. ಫಾಲ್ಸ್ ಸೀಲಿಂಗಿನಿಂದ ನೇರ ಝಳ ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ಸ್ಲ್ಯಾಬ್ ದಿನಾ ಹಾಗೇ ಕಾಯುತ್ತದೆ, ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ, ಸೋರಿದರೆ ಎಲ್ಲಿ ಸೋರುತ್ತಿದೆ ಎಂದು ಕಾಣುವುದೂ ಇಲ್ಲ.

ಈ ವರ್ಷ ಕೈ ಬಿಗಿ ಇದ್ದರೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಕೂಲ್ ರೂಫ್ ಪೇಂಟ್ ಒಂದನ್ನಾದರೂ ಮಾಡಿಸಿ. ಪಾಚಿ, ಧೂಳು ತಂತಿ ಬ್ರಷ್‌ನಿಂದ ಉಜ್ಜಿ ತೊಳೆದು, ಬಿರುಕು ತುಂಬಿ, ಪ್ರೈಮರ್ ಕೊಟ್ಟು, ಎರಡು ಕೋಟ್ ಒಂದಕ್ಕೊಂದು ಅಡ್ಡಡ್ಡವಾಗಿ ಹೊಡೆಸಬೇಕು. ಸ್ಲ್ಯಾಬ್ ತೇವವಾಗಿದ್ದಾಗ ಹೊಡೆದರೆ ಸಿಪ್ಪೆ ಏಳುತ್ತದೆ. ಧೂಳು ಕೂತಷ್ಟೂ ಗುಣ ಕಡಿಮೆ, ಆದ್ದರಿಂದ ಪ್ರತಿ ಫೆಬ್ರವರಿಯಲ್ಲಿ ತೊಳೆಯಿರಿ. ಸುಣ್ಣವೂ ಆದೀತು, ಆದರೆ ಮಳೆಗೆ ಹೋಗುತ್ತದೆ, ವರ್ಷವರ್ಷ ಬಳಿಯಬೇಕು.

ನಿಜವಾದ ಪರಿಹಾರ ಸ್ಲ್ಯಾಬಿನ ಮೇಲೆ ಎಕ್ಸ್‌ಪಿಎಸ್ ಶೀಟ್, ಅಂದರೆ ಕಾವು ತಡೆಯುವ ಗಟ್ಟಿ ಪಾಲಿಸ್ಟೈರೀನ್ ಫೋಮ್ ಹಲಗೆ. 50 ಮಿ.ಮೀ. ಶೀಟು ಕಾವನ್ನು ತಡೆಯುವುದರಲ್ಲಿ ಸುಮಾರು ಎರಡೂವರೆ ಮೀಟರ್ ದಪ್ಪದ ಕಾಂಕ್ರೀಟಿಗೆ ಸಮ. ಮನೆಗಳಲ್ಲಿ ವಿದ್ಯುತ್ ಉಳಿಸಲು ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆ ಮಾಳಿಗೆಯ ಯು-ಮೌಲ್ಯ (ಕಾವು ಎಷ್ಟು ಸುಲಭವಾಗಿ ದಾಟುತ್ತದೆ ಎಂಬ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) 1.2 ಮೀರಬಾರದು ಎನ್ನುತ್ತದೆ. ಬೋಳು ಸ್ಲ್ಯಾಬಿನದು 3ರ ಮೇಲೆ. 25 ಮಿ.ಮೀ. ಶೀಟಿಗೇ ಆ ಮಿತಿಯೊಳಗೆ ಬರುತ್ತೀರಿ, ಆದರೂ ನಿಮ್ಮ ಬಿಸಿಲಿಗೆ ನಾನು 50ನ್ನೇ ಹೇಳುತ್ತೇನೆ: ಕೂಲಿ, ಕಾಂಕ್ರೀಟಿನ ಖರ್ಚು ಎರಡೂ ದಪ್ಪದ ಶೀಟಿಗೂ ಅಷ್ಟೇ ಬೀಳುತ್ತದೆ. 1250×600 ಮಿ.ಮೀ. ಅಳತೆಯ ಶೀಟಾದರೆ 1000 ಚದರಡಿಗೆ 124, ಕತ್ತರಿಸಿ ಹೋಗುವುದು ಸೇರಿ 130 ತರಿಸಿ. ಅಗ್ಗವೆಂದು ಮಾಮೂಲಿ ಥರ್ಮಕೋಲ್ ತಂದರೆ ಅದು ಎಕ್ಸ್‌ಪಿಎಸ್‌ಗಿಂತ ಹೆಚ್ಚು ನೀರು ಕುಡಿಯುತ್ತದೆ, ಒದ್ದೆಯಾದರೆ ಕಾವು ತಡೆಯುವ ಗುಣ ಇಳಿಯುತ್ತದೆ.

ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ, 48 ತಾಸು ನೀರು ನಿಲ್ಲಿಸಿ ಸೋರುತ್ತದೆಯೇ ನೋಡಿ. ಈ ಪರೀಕ್ಷೆ ಬಿಟ್ಟರೆ ಆಮೇಲೆ ಎಲ್ಲವನ್ನೂ ಒಡೆಯಬೇಕಾದೀತು. ಶೀಟುಗಳನ್ನು ಇಟ್ಟಿಗೆ ವರಸೆಯಂತೆ ಸಂದು ತಪ್ಪಿಸಿ ಜೋಡಿಸಿ, ಸಂದುಗಳಿಗೆ ಟೇಪ್ ಹಚ್ಚಿ, ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಸಾಲ್ವೆಂಟ್ ಇರುವ ಅಂಟು ಅಥವಾ ಡಾಂಬರು ಪೇಂಟ್ ತಾಗಿದರೆ ಶೀಟ್ ಕರಗಿಹೋಗುತ್ತದೆ, ಮೇಸ್ತ್ರಿಗೆ ಮೊದಲೇ ಹೇಳಿ. ಹಾಸಿದ ಮೇಲೆ ಬಿಸಿಲಿಗೆ ವಾರಗಟ್ಟಲೆ ಬಿಡಬಾರದು, ಮಳೆ ಬಂದರೆ ತೇಲುತ್ತದೆ. ತಡಮಾಡದೆ ಕೋಳಿ ಜಾಲರಿ ಇಟ್ಟು 50 ಮಿ.ಮೀ. ಕಾಂಕ್ರೀಟ್ ಪದರ ಹಾಕಿಸಿ. 100ಕ್ಕೆ 1ರ ಇಳಿಜಾರು ಇರಲಿ, ಎರಡೂವರೆ ಮೀಟರಿಗೊಂದು ಸಂದು ಬಿಟ್ಟು ಸೀಲಂಟ್ ತುಂಬಲಿ. ಒಂದೇ ಹಾಸಾಗಿ ಹಾಕಿದರೆ ಬಿರಿಯುವುದು ಖಂಡಿತ. ಏಳು ದಿನ ಕ್ಯೂರಿಂಗ್ ಆಗಿ ಒಣಗಿದ ಮೇಲೆ ಬಿಳಿ ಪೇಂಟ್ ಅಥವಾ ಬಿಳಿ ಟೈಲ್ಸ್ ಚೂರು.

ಇದರಿಂದ ಮಾಳಿಗೆ ನಾಲ್ಕಿಂಚು ಎತ್ತರವಾಗುತ್ತದೆ. ಮಳೆನೀರಿನ ಪೈಪಿನ ಬಾಯಿ, ಮೆಟ್ಟಿಲ ಬಾಗಿಲ ಹೊಸ್ತಿಲು ಎರಡನ್ನೂ ಅಳೆದೇ ಕೆಲಸ ಶುರುಮಾಡಿ. ಚದರ ಮೀಟರಿಗೆ 120 ಕಿಲೋ ಆಸುಪಾಸು ಭಾರವೂ ಏರುತ್ತದೆ. ಸ್ಲ್ಯಾಬ್ ಹಳೆಯದಾಗಿ ಕಂಬಿ ಕಾಣುತ್ತಿದ್ದರೆ, ಅಥವಾ ಈಗಾಗಲೇ ಇಟ್ಟಿಗೆ ಚೂರಿನ ದಪ್ಪ ಪದರ ಇದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಕೈಹಾಕಬೇಡಿ.

ಪಶ್ಚಿಮದ ಕಿಟಕಿಗೆ ಸಜ್ಜಾ ಸಾಲದು, ಸಂಜೆಯ ಬಿಸಿಲು ಓರೆಯಾಗಿ ಅದರ ಕೆಳಗಿಂದಲೇ ಒಳಗೆ ಬರುತ್ತದೆ. ಗಾಜಿನ ಹೊರಗೆ ಬಿದಿರಿನ ತಟ್ಟಿ ಇಳಿಬಿಡಿ. ಒಳಗಿನ ಪರದೆ ಎಷ್ಟೇ ದಪ್ಪವಿದ್ದರೂ ಕಾವು ಗಾಜು ದಾಟಿ ಆಗಿರುತ್ತದೆ.

ಎಸಿ ಕೋಣೆಯ ಬಾಗಿಲಡಿ 10 ಮಿ.ಮೀ. ಸಂದಿದ್ದರೆ ಮೂರಡಿ ಬಾಗಿಲಿಗೆ ಸುಮಾರು 90 ಚದರ ಸೆಂ.ಮೀ. ತೂತು. ರಬ್ಬರ್ ಪಟ್ಟಿ ಹಾಕಿ, ಸ್ಲೈಡಿಂಗ್ ಕಿಟಕಿಯ ಸವೆದ ಬ್ರಷ್ ಪಟ್ಟಿ ಬದಲಿಸಿ, ಎಸಿ ಪೈಪಿನ ತೂತಿಗೆ ಫೋಮ್ ತುಂಬಿ. ಕೂಲರ್ ಇರುವ ಹಾಲ್‌ನಲ್ಲಿ ಇದನ್ನು ಮಾಡಲೇಬೇಡಿ: ಗಾಳಿ ಹೊರಹೋಗಲು ಎದುರಿನ ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ತೇವ ತುಂಬಿ ಸೆಕೆಯಾಗುತ್ತದೆ.

ಎಕ್ಸ್‌ಪಿಎಸ್ ಹಾಕಿಸಿದ ಮೇಲೆ ಒಳಗಿನ ಕಾವು ಮಾಳಿಗೆ ಮೂಲಕ ಹೊರಗೆ ಹೋಗುವುದೂ ಕಡಿಮೆಯಾಗುತ್ತದೆ. ಹೊರಗೆ ತಂಪಾದ ಕೂಡಲೇ ಎದುರುಬದುರು ಕಿಟಕಿ ತೆರೆದು ರಾತ್ರಿಯೆಲ್ಲ ಗಾಳಿಯಾಡಲು ಬಿಡಿ, ಬೆಳಿಗ್ಗೆ 8ರೊಳಗೆ ಮುಚ್ಚಿ. ಸೊಳ್ಳೆ ಜಾಲರಿ ಇಲ್ಲದಿದ್ದರೆ ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.