ವಾರ್ಡ್ ನೋಡದೆ ಸೀಟು ಬೇಡ

ಪತ್ರ: ಮಗಳು ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದಾಳೆ, ಓದಿದ್ದೆಲ್ಲ ಕನ್ನಡದಲ್ಲೇ. ನರ್ಸ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಏಜೆಂಟ್ ಒಬ್ಬರು ಬೆಂಗಳೂರಿನಲ್ಲಿ ಸೀಟು ಕೊಡಿಸ್ತಾರಂತೆ. ಕ್ಲಾಸಿಗೆ ಹೋಗೋದು ಬೇಡ, ಪರೀಕ್ಷೆಗೆ ಬಂದರೆ ಸಾಕು ಅಂದಿದ್ದಾರೆ. ಕಳಿಸಲಾ?
– ಒಬ್ಬ ತಾಯಿ, ಜೊಯಿಡಾ ತಾಲ್ಲೂಕು

ಉತ್ತರ: ಅಮ್ಮಾ, ಮಗಳನ್ನು ಖಂಡಿತ ಓದಿಸಿ. ಆದರೆ ಆ ಏಜೆಂಟ್ ಕೈಗೆ ಮಾತ್ರ ದುಡ್ಡು ಕೊಡಬೇಡಿ. ಕ್ಲಾಸಿಗೆ ಹೋಗದೆ ನರ್ಸ್ ಆದವಳ ಕೈಗೆ ನಿಮ್ಮ ಮೊಮ್ಮಗುವನ್ನು ಕೊಡ್ತೀರಾ? ನಾನಂತೂ ಕೊಡಲಾರೆ.

ಕಲಾ ವಿಭಾಗದವಳು ಅಂತ ಹೆದರಬೇಡಿ. ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೇ ಬೇಕು. ಆ ಬಾಗಿಲು ಈಗ ಮುಚ್ಚಿದೆ. ಆದರೆ 3 ವರ್ಷದ ಜಿ.ಎನ್.ಎಂ. (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಮತ್ತು 2 ವರ್ಷದ ಎ.ಎನ್.ಎಂ. (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಕೋರ್ಸಿಗೆ ಕಲಾ ವಿಭಾಗದವರೂ ಸೇರಬಹುದು. ಜಿ.ಎನ್.ಎಂ. ಮುಗಿಸಿ, ನೋಂದಣಿ ಮಾಡಿಸಿಕೊಂಡು, ಇನ್ನೆರಡು ವರ್ಷ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿದರೆ ಅವಳೂ ಪದವೀಧರೆಯೇ. ದಾರಿ ಸ್ವಲ್ಪ ಸುತ್ತು, ಅಷ್ಟೇ.

ಇಂಗ್ಲಿಷ್ ಕಷ್ಟ ಆಗುತ್ತದೆ, ಸುಳ್ಳು ಹೇಳಲ್ಲ. ನನ್ನ ತಂಗಿಯ ಮಗಳೂ ಕನ್ನಡ ಮಾಧ್ಯಮದವಳೇ. ನರ್ಸಿಂಗ್‌ಗೆ ಸೇರಿದ ಮೊದಲ ವರ್ಷ ಅವಳ ನೋಟ್‌ಬುಕ್ ನೋಡಬೇಕಿತ್ತು. ಒಂದೊಂದು ಇಂಗ್ಲಿಷ್ ಪದದ ಕೆಳಗೂ ಪೆನ್ಸಿಲ್‌ನಲ್ಲಿ ಸಣ್ಣ ಕನ್ನಡ ಅಕ್ಷರ: ಎಡಿಮಾ ಅಂದ್ರೆ ಬಾವು, ನಾಸಿಯಾ ಅಂದ್ರೆ ವಾಕರಿಕೆ. ಎರಡನೇ ವರ್ಷದ ಹೊತ್ತಿಗೆ ಪೆನ್ಸಿಲ್ ಗುರುತು ಕಮ್ಮಿಯಾಯ್ತು. ವಾರ್ಡಿನಲ್ಲಿ ಒಬ್ಬ ಅಜ್ಜಿ "ಹೊಟ್ಟೆ ತೊಳಸ್ತದೆ, ಕಣ್ಣು ಕತ್ತಲೆ ಬರ್ತದೆ" ಅಂದಾಗ ಜೊತೆಗಿದ್ದ ಪಟ್ಟಣದ ಹುಡುಗಿಯರು ಮುಖ ಮುಖ ನೋಡಿಕೊಂಡರಂತೆ. ಇವಳು ಸೀದಾ ಹೋಗಿ ಬಿಪಿ ನೋಡಿದಳು. ಅಜ್ಜಿಯ ಮಾತು ಇವಳಿಗೆ ಯಾರೂ ಕಲಿಸಬೇಕಿರಲಿಲ್ಲ, ಅಲ್ವಾ?

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ತಮ್ಮ ಜನರ ಮಾತು ಬಲ್ಲ ಸೋಲಿಗ ಬುಡಕಟ್ಟಿನ ಹೆಣ್ಣುಮಕ್ಕಳಿಗೇ ಎ.ಎನ್.ಎಂ. ತರಬೇತಿ ಕೊಡಿಸಿದೆ. ಗುಡ್ಡಗಾಡಿನಲ್ಲಿ 3,000 ಜನಕ್ಕೊಂದು ಆರೋಗ್ಯ ಉಪಕೇಂದ್ರ ಇರಬೇಕು ಅನ್ನುವುದು ಸರ್ಕಾರದ ಲೆಕ್ಕ. ಅಲ್ಲಿ ಕೂರುವ ಎ.ಎನ್.ಎಂ. ಆ ಕಾಡಿನ ಭಾಷೆ, ಆ ಮಳೆ, ಆ ದಾರಿ ಗೊತ್ತಿದ್ದವಳಾದರೆ ಬಸುರಿಯರು ಧೈರ್ಯವಾಗಿ ಬಾಯಿ ಬಿಡ್ತಾರೆ.

ಈಗ ಮಾಡಬೇಕಾದ್ದು: ಸೇರಿಸಬೇಕೆಂದಿರುವ ಕಾಲೇಜಿಗೆ ರಾಜ್ಯ ಶುಶ್ರೂಷಾ ಪರಿಷತ್ತಿನ (ನರ್ಸಿಂಗ್ ಕೌನ್ಸಿಲ್) ಮಾನ್ಯತೆ ಇದೆಯಾ, ಕೇಳಿ. ಆಮೇಲೆ ಯಾರಿಗೂ ಹೇಳದೆ ಒಂದು ದಿನ ಬೆಳಿಗ್ಗೆ ಅವರ ಆಸ್ಪತ್ರೆಗೆ ಹೋಗಿ, ಬೆಂಚಿನ ಮೇಲೆ ಸುಮ್ನೆ ಒಂದು ತಾಸು ಕೂತ್ಕೊಳ್ಳಿ. ಹಾಸಿಗೆಗಳಲ್ಲಿ ರೋಗಿಗಳಿದ್ದಾರಾ? ವಿದ್ಯಾರ್ಥಿಗಳು ಅವರ ಪಕ್ಕ ನಿಂತು ಕೆಲಸ ಮಾಡ್ತಿದ್ದಾರಾ? ಇಲ್ಲ ಅಂದ್ರೆ ಎದ್ದು ಬಂದುಬಿಡಿ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ನಾಡಕಚೇರಿಯಲ್ಲಿ ಮಾಡಿಸಿಡಿ, ವಿದ್ಯಾರ್ಥಿವೇತನಕ್ಕೆ ಬೇಕಾಗುತ್ತದೆ. ಒರಿಜಿನಲ್ ಅಂಕಪಟ್ಟಿಯನ್ನು ಏಜೆಂಟ್ ಕೈಗೆ ಮಾತ್ರ ಕೊಡಬೇಡಿ. ಕಾಲೇಜಿನವರು ತೆಗೆದುಕೊಂಡರೆ ಸಹಿ, ಸೀಲು ಇರುವ ರಸೀದಿ ಕೇಳಿ ಪಡೆಯಿರಿ.

– ಸಂಪಾದಕ